ಮೊದಲ ಬಂದೂಕು: ಆರಿಸುವುದು ಹೇಗೆ, ಕೈ ಪಳಗಿಸುವುದು ಹೇಗೆ

ಬಂದೂಕು ಕೊಳ್ಳಲು ಹೊರಟವರು ಮೊದಲು ಕೇಳುವ ಪ್ರಶ್ನೆ ಒಂದೇ: "ಯಾವುದು ಒಳ್ಳೇದು?" ಯಾವ ಕೆಲಸಕ್ಕೆ, ಯಾರ ಕೈಗೆ ಅಂತ ಗೊತ್ತಿಲ್ಲದೆ ಇದಕ್ಕೆ ಉತ್ತರ ಹೇಳೋಕೆ ಆಗಲ್ಲ. ಆದರೆ ಹೊಸಬರಿಗೆ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು. ಮೊದಲ ಬಂದೂಕು ಇರುವುದು ನಿಮಗೆ ಕಲಿಸಲಿಕ್ಕೆ. ಅದು ಮೆತ್ತಗೆ ಒದೆಯಬೇಕು (ಹಾರಿದಾಗ ಬಂದೂಕು ಹಿಂದಕ್ಕೆ ಕೊಡುವ ಹೊಡೆತವೇ ಒದೆತ), ಅದರ ತೋಟಾ ಅಗ್ಗವಾಗಿ ಸಿಗಬೇಕು, ನಿಮ್ಮ ಮೈಗೆ ಹೊಂದಬೇಕು. ಉಳಿದದ್ದೆಲ್ಲ ಆಮೇಲೆ.

ಇರುವ ದುಡ್ಡನ್ನೆಲ್ಲ ಬಂದೂಕಿಗೇ ಸುರಿದು, ತೋಟಾಕ್ಕೆ ಕಾಸಿಲ್ಲದೆ ಅದನ್ನು ಒರೆಸುತ್ತಾ ಕೂರುವವರು ಬೇಕಾದಷ್ಟು ಮಂದಿ ಇದ್ದಾರೆ. ಅದರ ಬದಲು ದುಡ್ಡನ್ನು ಎರಡು ಪಾಲು ಮಾಡಿ. ಒಂದು ಪಾಲು ಬಂದೂಕಿಗೆ. ಇನ್ನೊಂದು ಪಾಲು ತೋಟಾ, ತರಬೇತಿ, ಕಿವಿ ಮತ್ತು ಕಣ್ಣಿನ ರಕ್ಷಣೆ, ಬೀಗ ಹಾಕುವ ಪೆಟ್ಟಿಗೆಗೆ.

ಕೊಳ್ಳುವ ಮೊದಲು

ಲೈಸೆನ್ಸ್ ವಿಚಾರ ಮೊದಲು ಮುಗಿಸಿಕೊಳ್ಳಿ. ಯಾವ ಬಗೆಯ ಬಂದೂಕು ಇಟ್ಟುಕೊಳ್ಳಬಹುದು, ಎಷ್ಟು ತೋಟಾ ಇಡಬಹುದು, ಹೇಗೆ ಸಾಗಿಸಬೇಕು ಅನ್ನುವುದು ಒಂದೊಂದು ದೇಶದಲ್ಲಿ ಒಂದೊಂದು ಥರ. ಪಕ್ಕದ ಮನೆಯವರ ಮಾತು ನಂಬಿ ಮುಂಗಡ ಕೊಡಬೇಡಿ. ಅಧಿಕಾರ ಇರುವ ಕಚೇರಿಯಲ್ಲೇ ಕೇಳಿ.

ಆಮೇಲೆ ಒಂದು ಶೂಟಿಂಗ್ ರೇಂಜ್‌ಗೆ ಹೋಗಿ, ತರಬೇತುದಾರರ ಕೈಕೆಳಗೆ ಎರಡು ಮೂರು ಬಗೆಯ ಬಂದೂಕು ಹಾರಿಸಿ ನೋಡಿ. ಕೌಂಟರ್ ಮೇಲೆ ಹಿಡಿದಾಗ ಸೊಗಸಾಗಿ ಕಂಡದ್ದು ಹತ್ತು ಸಲ ಹಾರಿಸುವಷ್ಟರಲ್ಲಿ ಬೇಡ ಅನ್ನಿಸುವುದು ಮಾಮೂಲಿ.

ನಿಮ್ಮ ಯಾವ ಕಣ್ಣು ಮುಂದಾಳು, ಅಂದರೆ ಗುರಿ ನೋಡುವಾಗ ಮೆದುಳು ಯಾವ ಕಣ್ಣನ್ನು ಹೆಚ್ಚು ನೆಚ್ಚುತ್ತದೆ ಅಂತಲೂ ಈಗಲೇ ತಿಳಿದುಕೊಳ್ಳಿ. ಎರಡೂ ಅಂಗೈ ಚಾಚಿ ಹೆಬ್ಬೆರಳ ಬಳಿ ಒಂದು ಸಣ್ಣ ಕಿಂಡಿ ಮಾಡಿ. ಎರಡೂ ಕಣ್ಣು ತೆರೆದು ಆ ಕಿಂಡಿಯಲ್ಲಿ ದೂರದ ಗೋಡೆ ಗಡಿಯಾರವನ್ನೋ ಸ್ವಿಚ್ಚನ್ನೋ ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ಮುಚ್ಚಿದಾಗ ವಸ್ತು ಕಿಂಡಿಯಿಂದ ಮಾಯ ಆಗುತ್ತದೋ ಆ ಕಣ್ಣೇ ಮುಂದಾಳು. ಬಲಗೈಯವರಿಗೆ ಎಡಗಣ್ಣು ಮುಂದಾಳಾಗಿರುವುದು ಅಪರೂಪವೇನಲ್ಲ. ಪಿಸ್ತೂಲಿನಲ್ಲಿ ಇದು ದೊಡ್ಡ ತೊಂದರೆಯಲ್ಲ, ಪಿಸ್ತೂಲನ್ನು ಸ್ವಲ್ಪ ಎಡಕ್ಕೆ ಸರಿಸಿ ಹಿಡಿದರಾಯಿತು. ಉದ್ದ ಕೋವಿಯಲ್ಲಿ ಮಾತ್ರ ಗುರಿ ಯಾಕೆ ತಪ್ಪುತ್ತಿದೆ ಅಂತಲೇ ಗೊತ್ತಾಗದೆ ತಿಂಗಳುಗಟ್ಟಲೆ ಒದ್ದಾಡುತ್ತೀರಿ. ಹಾಗಿದ್ದರೆ ಎಡ ಹೆಗಲಿಗೆ ಇಟ್ಟು ಕಲಿಯುವುದೋ ಎಡಗಣ್ಣು ಮುಚ್ಚಿ ಹಾರಿಸುವುದೋ ಅಂತ ತರಬೇತುದಾರರ ಜೊತೆ ಮೊದಲೇ ತೀರ್ಮಾನ ಮಾಡಿ. ಕೊಳ್ಳುವ ಕೋವಿಯೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ.

ಯಾವುದನ್ನು ಆರಿಸುವುದು

ಕಲಿಯಲಿಕ್ಕೆ ಅಂತಾದರೆ ನನ್ನ ಓಟು ನಳಿಗೆಯ ಒಳಗಲ ಸುಮಾರು 0.22 ಇಂಚು ಇರುವ .22 ರೈಫಲ್‌ಗೆ. ಇದರ ಲಾಂಗ್ ರೈಫಲ್ ತೋಟಾ 1887ರಿಂದ ಇದೆ, ಇವತ್ತಿಗೂ ಜಗತ್ತಿನಲ್ಲಿ ಕಲಿಯುವವರ ಕೈಗೆ ಮೊದಲು ಬರುವುದು ಇದೇ. ಗುಂಡಿನ ತೂಕ ಸಾಮಾನ್ಯವಾಗಿ 2.6 ಗ್ರಾಂ ಆಸುಪಾಸು. ಒದೆತ ಇಲ್ಲ ಅಂದರೂ ನಡೆಯುತ್ತದೆ. 12 ಬೋರಿನ (ಬೋರ್ ಅಂದರೆ ನಳಿಗೆಯ ಒಳಗಲದ ಅಳತೆ) ಕೋವಿ ಹೆಗಲಿಗೆ ಕೊಡುವ ಹೊಡೆತ ಇದರ ಸುಮಾರು ನೂರು ಪಟ್ಟು. ಆದರೆ ಚಿಕ್ಕದು ಅಂತ ಸಸಾರ ಮಾಡಬೇಡಿ. ಈ ಪುಟ್ಟ ಗುಂಡು ಒಂದು ಕಿಲೋಮೀಟರಿಗೂ ಆಚೆ ಹೋಗಬಲ್ಲದು, ಆಳನ್ನೂ ಕೊಲ್ಲಬಲ್ಲದು.

ಏರ್ ರೈಫಲ್ ಕೂಡ ಒಳ್ಳೆಯ ಗುರು. "ಅದು ಮಕ್ಕಳ ಆಟಿಕೆ" ಅನ್ನುವವರು ಒಮ್ಮೆ 10 ಮೀಟರ್ ಸ್ಪರ್ಧೆಯ ಗುರಿಹಾಳೆ ನೋಡಬೇಕು. ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿಲಿಮೀಟರ್ ಅಗಲ, ಹೊಡೆಯುವ ಗುಂಡು 4.5 ಮಿಲಿಮೀಟರ್. ಒಲಿಂಪಿಕ್ಸ್‌ನಲ್ಲಿ 1984ರಿಂದ ಈ ಸ್ಪರ್ಧೆ ಇದೆ.

ಪಿಸ್ತೂಲೇ ಬೇಕು ಅನ್ನುವವರಿಗೆ ಒಂದು ಎಚ್ಚರಿಕೆ. ಅಂಗೈಯಲ್ಲಿ ಅಡಗುವ ಪುಟಾಣಿ ಪಿಸ್ತೂಲು ಹೊಸಬರನ್ನು ಬೇಗ ಸೆಳೆಯುತ್ತದೆ. ಸಣ್ಣದು ಅಂದರೆ ಸುಲಭ ಅಂತ ಎಣಿಕೆ. ನಿಜ ಉಲ್ಟಾ. ತೋಟಾ ಅದೇ ಇದ್ದು ಪಿಸ್ತೂಲು ಹಗುರ ಆದಷ್ಟೂ ಒದೆತ ಜಾಸ್ತಿ. ಹಿಡಿಯಲು ಜಾಗ ಕಡಿಮೆ. ಮೇಲಾಗಿ ಗುರಿ ಹಿಡಿಯಲು ಬಂದೂಕಿನ ಮೇಲಿರುವ ಎರಡು ಗುರುತುಗಳಲ್ಲಿ (ಇವೇ ಸೈಟ್) ಹಿಂದಿನ ಸೈಟ್‌ಗೂ ಮುಂದಿನ ಸೈಟ್‌ಗೂ ನಡುವೆ ಅಂತರ ಕಡಿಮೆಯಾದಷ್ಟೂ ತಪ್ಪು ದೊಡ್ಡದಾಗುತ್ತದೆ. ಲೆಕ್ಕ ಹಾಕಿ ನೋಡಿ: ಎರಡು ಸೈಟ್‌ಗಳ ನಡುವೆ 16 ಸೆಂಟಿಮೀಟರ್ ಇದ್ದು, ಮುಂದಿನ ಸೈಟ್ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ, 10 ಮೀಟರ್ ದೂರದಲ್ಲಿ ಗುಂಡು 6 ಸೆಂಟಿಮೀಟರಿಗೂ ಹೆಚ್ಚು ಪಕ್ಕಕ್ಕೆ ಬೀಳುತ್ತದೆ. ಅಂತರ 10 ಸೆಂಟಿಮೀಟರ್ ಆದರೆ ಅದೇ ತಪ್ಪಿಗೆ 10 ಸೆಂಟಿಮೀಟರ್ ದಂಡ. ಹಾಗಾಗಿ ಕಲಿಯುವವರಿಗೆ ಪೂರ್ತಿ ಅಳತೆಯ, ಸ್ವಲ್ಪ ತೂಕದ ಪಿಸ್ತೂಲೇ ಮೇಲು.

ಮೈಗೆ ಹೊಂದುತ್ತದೆಯೇ ಅಂತ ನೋಡುವುದು ಹೀಗೆ. ಖಾಲಿ ಅಂತ ಅಂಗಡಿಯವರೂ ನೀವೂ ಇಬ್ಬರೂ ನೋಡಿ ಖಾತ್ರಿ ಮಾಡಿಕೊಂಡ ಕೋವಿಯನ್ನು, ಅಪಾಯವಿಲ್ಲದ ಕಡೆ ಮುಖ ಮಾಡಿ, ಕಣ್ಣು ಮುಚ್ಚಿಕೊಂಡು ಹೆಗಲಿಗೇರಿಸಿ. ಕೆನ್ನೆ ಆರಾಮಾಗಿ ಒರಗಿದ ಮೇಲೆ ಕಣ್ಣು ಬಿಡಿ. ಸೈಟ್ ಅಥವಾ ನಳಿಗೆಯ ಮೇಲ್ಪಟ್ಟಿ ನೇರವಾಗಿ ಕಣ್ಣೆದುರು ಬಂದಿದ್ದರೆ ಹೊಂದಿತು. ಕತ್ತು ಚಾಚಬೇಕಾಯಿತು, ತಲೆ ಎತ್ತಬೇಕಾಯಿತು ಅಂದರೆ ಹೊಂದಿಲ್ಲ. ಹೆಬ್ಬೆರಳಿಗೂ ಮೂಗಿಗೂ ನಡುವೆ ಎರಡು ಬೆರಳಷ್ಟು ಜಾಗ ಇರಲಿ, ಇಲ್ಲದಿದ್ದರೆ ಒದ್ದಾಗ ಮೂಗಿಗೇ ಏಟು. ಪಿಸ್ತೂಲಾದರೆ, ಹಿಡಿತ ಬದಲಿಸದೆ ತೋರುಬೆರಳಿನ ತುದಿಯ ಮೆತ್ತನೆ ಭಾಗ ಟ್ರಿಗರ್ ಮೇಲೆ ಕೂರಬೇಕು.

ಹಳೆಯ ಬಂದೂಕು ಕೊಳ್ಳುವುದಾದರೆ ಬಂದೂಕು ರಿಪೇರಿ ಬಲ್ಲವರಿಗೆ ತೋರಿಸದೆ ದುಡ್ಡು ಬಿಚ್ಚಬೇಡಿ. ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದರೆ ತುಕ್ಕು ತಿಂದ ಗುಳಿಗಳು ಕಾಣುತ್ತವೆ. ಒಳಗೆ ಉಂಗುರದ ಹಾಗೆ ನೆರಳು ಕಂಡರೆ ನಳಿಗೆ ಅಲ್ಲಿ ಉಬ್ಬಿರಬಹುದು. ಜೋಡಿ ನಳಿಗೆ ಕೋವಿಯನ್ನು ಮುಚ್ಚಿ ಅಲುಗಿಸಿದಾಗ ಕೀಲಿನಲ್ಲಿ ಕಟಕಟ ಅಂದರೆ ಬಿಟ್ಟುಬಿಡಿ.

ತೋಟಾ: ಅವಸರ ಬೇಡ

ನಳಿಗೆಯ ಮೇಲೆ ಕೊರೆದಿರುವುದು ಮತ್ತು ಪೊಟ್ಟಣದ ಮೇಲೆ ಅಚ್ಚಾಗಿರುವುದು ಅಕ್ಷರಕ್ಕೆ ಅಕ್ಷರ ಒಂದೇ ಆಗಿರಬೇಕು. "ಕೂರುತ್ತಲ್ವಾ, ಸಾಕು" ಅನ್ನುವುದೇ ಇಲ್ಲಿ ದೊಡ್ಡ ಅಪಾಯ.

ಶಾಟ್‌ಗನ್‌ನಲ್ಲಿ (ಒಂದೇ ಸಲಕ್ಕೆ ಹಲವು ಸಣ್ಣ ಗುಂಡು ಚೆಲ್ಲುವ ಕೋವಿ) ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲಿ ಬೋರಿನ ಅಂಕಿ ದೊಡ್ಡದಾದಷ್ಟೂ ನಳಿಗೆ ಸಣ್ಣದು. 20 ಬೋರಿನ ತೋಟಾ ತಪ್ಪಿ 12 ಬೋರಿಗೆ ಬಿದ್ದರೆ ಜಾರಿಕೊಂಡು ಒಳಗೆ ಹೋಗಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದವರಿಗೆ ಚೇಂಬರ್, ಅಂದರೆ ನಳಿಗೆಯ ಹಿಂದಿನ ತುದಿಯಲ್ಲಿ ತೋಟಾ ಕೂರುವ ಗೂಡು, ಖಾಲಿ ಕಾಣುತ್ತದೆ. ಅದರ ಹಿಂದೆ 12ರ ತೋಟಾ ತುಂಬಿ ಹಾರಿಸಿದರೆ ನಳಿಗೆ ಸಿಡಿಯುತ್ತದೆ, ಎಡಗೈ ಅಲ್ಲೇ ಇರುತ್ತದೆ. 20 ಬೋರಿನ ತೋಟಾಗಳಿಗೆ ಹಳದಿ ಬಣ್ಣ ಬಂದದ್ದು ಇದೇ ಕಾರಣಕ್ಕೆ. ಎರಡೂ ಬಗೆ ಇರುವವರು ಒಂದೇ ಚೀಲದಲ್ಲಿ, ಒಂದೇ ಜೇಬಿನಲ್ಲಿ ಅವನ್ನು ಯಾವತ್ತೂ ಸೇರಿಸಬಾರದು.

ಇನ್ನೊಂದು ಕಣ್ಣಿಗೆ ಕಾಣದ ಅಪಾಯ ಉದ್ದದ್ದು. ತೋಟಾದ ಮೇಲೆ ಬರೆದಿರುವ 70 ಮಿಲಿಮೀಟರ್ ಅದು ಹಾರಿ, ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಹಾರಿಸುವ ಮೊದಲು ಅದು ಗಿಡ್ಡ. ಹಾಗಾಗಿ 65 ಮಿಲಿಮೀಟರ್ ಚೇಂಬರಿನ ಹಳೆ ಕೋವಿಯಲ್ಲಿ ಅದು ಸಲೀಸಾಗಿ ಕೂರುತ್ತದೆ. ಹಾರಿದಾಗ ಮಾತ್ರ ಬಾಯಿ ಪೂರ್ತಿ ಬಿಚ್ಚಲು ಜಾಗ ಸಾಲದೆ ಒತ್ತಡ ವಿಪರೀತ ಏರುತ್ತದೆ. ಅಜ್ಜನ ಕಾಲದ ಕೋವಿ ಕೈಗೆ ಬಂದವರು ಚೇಂಬರ್ ಅಳೆಸದೆ ಒಂದು ಈಡನ್ನೂ ಹೊಡೆಯಬೇಡಿ.

ಮೊದಲು ಕೈಗೆ ಶಿಸ್ತು

ಅಮೆರಿಕದ ತರಬೇತುದಾರ ಜೆಫ್ ಕೂಪರ್ ಹರಡಿದ ನಾಲ್ಕು ನಿಯಮಗಳು ಇವತ್ತು ಎಲ್ಲ ಕಡೆ ಓಡುತ್ತವೆ. ಯಾವ ಬಂದೂಕೂ ತುಂಬಿದೆ ಅಂತಲೇ ತಿಳಿಯಿರಿ. ಹಾಳು ಮಾಡಲು ಮನಸ್ಸಿಲ್ಲದ ಯಾವುದರ ಕಡೆಗೂ ನಳಿಗೆ ತಿರುಗಿಸಬೇಡಿ. ಸೈಟ್ ಗುರಿಯ ಮೇಲೆ ಬರುವ ತನಕ ಬೆರಳು ಟ್ರಿಗರ್ ಹೊರಗೇ ಇರಲಿ. ಗುರಿ ಯಾವುದು, ಅದರ ಹಿಂದೆ ಏನಿದೆ ಅಂತ ಖಚಿತ ಮಾಡಿಕೊಳ್ಳಿ. ಇವುಗಳಲ್ಲಿ ಒಂದು ತಪ್ಪಿದರೂ ಉಳಿದವು ಕಾಯುತ್ತವೆ. ಎರಡು ಒಟ್ಟಿಗೆ ತಪ್ಪಿದಾಗ ಆಳಿಗೆ ಗುಂಡು ಬೀಳುತ್ತದೆ.

"ಖಾಲಿ ಇತ್ತು ಅಂದ್ಕೊಂಡೆ" ಅನ್ನುವ ಮಾತಿನ ಹಿಂದೆ ಬಹಳ ಸಲ ಇರುವುದು ಒಂದು ಸಣ್ಣ ಕ್ರಮದೋಷ. ಪಿಸ್ತೂಲು ಖಾಲಿ ಮಾಡುವಾಗ ಮೊದಲು ಮ್ಯಾಗಜೀನ್ (ತೋಟಾಗಳನ್ನು ತುಂಬಿಡುವ ಪೆಟ್ಟಿಗೆ) ತೆಗೆಯಬೇಕು, ಆಮೇಲೆ ಸ್ಲೈಡ್ (ಪಿಸ್ತೂಲಿನ ಹಿಂದಕ್ಕೆ ಜರುಗುವ ಮೇಲ್ಭಾಗ) ಎಳೆಯಬೇಕು. ಸ್ಲೈಡ್ ಮೊದಲು ಎಳೆದರೆ ಚೇಂಬರಿನ ತೋಟಾ ಹೊರಗೆ ಹಾರುತ್ತದೆ ನಿಜ, ಆದರೆ ಸ್ಲೈಡ್ ವಾಪಸ್ ಹೋಗುವಾಗ ಮ್ಯಾಗಜೀನಿನಿಂದ ಹೊಸ ತೋಟಾ ಒಂದನ್ನು ಒಳಗೆ ತಳ್ಳುತ್ತದೆ. ಆಮೇಲೆ ಮ್ಯಾಗಜೀನ್ ತೆಗೆದು "ಖಾಲಿ" ಅನ್ನುತ್ತಾರೆ. ತೋಟಾ ಚೇಂಬರಲ್ಲೇ ಕೂತಿರುತ್ತದೆ. ಆದ್ದರಿಂದ ಮ್ಯಾಗಜೀನ್ ಹೊರಗೆ, ಸ್ಲೈಡ್ ಹಿಂದಕ್ಕೆ ಎಳೆದು ನಿಲ್ಲಿಸಿ, ಚೇಂಬರ್ ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿ ಮುಟ್ಟಿಯೂ ನೋಡಿ. ಕತ್ತಲಲ್ಲೂ ಮಾಡುವಷ್ಟು ಇದು ರೂಢಿಯಾಗಬೇಕು. ಯಾರಾದರೂ ನಿಮ್ಮೆದುರೇ ಖಾಲಿ ಮಾಡಿ ಕೈಗೆ ಕೊಟ್ಟರೂ ನೀವು ಮತ್ತೆ ನೋಡಿ. ಅವರು ಬೇಸರ ಮಾಡಿಕೊಳ್ಳಲ್ಲ. ಮಾಡಿಕೊಂಡರೆ ಅವರ ಜೊತೆ ರೇಂಜ್‌ಗೆ ಹೋಗಬೇಡಿ.

ಗುಂಡಿಲ್ಲದ ಅಭ್ಯಾಸ

ಇದಕ್ಕೆ ಕಾಸು ಖರ್ಚಿಲ್ಲ, ಆದರೂ ಬಹಳ ಜನ ಮಾಡಲ್ಲ. ಖಾಲಿ ಬಂದೂಕಿನಲ್ಲಿ ಗುರಿ ಹಿಡಿದು ಟ್ರಿಗರ್ ಒತ್ತುವುದು, ಅಷ್ಟೇ. ಸದ್ದಿಲ್ಲ, ಒದೆತ ಇಲ್ಲ. ಹಾಗಾಗಿ ಟ್ರಿಗರ್ ಒತ್ತುವಾಗ ಕೈ ಏನು ಮಾಡುತ್ತಿದೆ ಅಂತ ಕಣ್ಣಿಗೆ ನೇರ ಕಾಣುತ್ತದೆ. ದಿನಕ್ಕೆ ಹತ್ತು ನಿಮಿಷ ಸಾಕು.

ಮೊದಲು ಕೈಪಿಡಿ ನೋಡಿ. ಕೆಲವು .22 ಬಂದೂಕುಗಳಲ್ಲಿ ಖಾಲಿ ಹಾರಿಸಿದರೆ ಫೈರಿಂಗ್ ಪಿನ್ (ತೋಟಾಕ್ಕೆ ಬಡಿದು ಹೊತ್ತಿಸುವ ಮೊಳೆ) ಚೇಂಬರಿನ ಅಂಚಿಗೇ ಬಡಿದು ಎರಡೂ ಹಾಳಾಗುತ್ತವೆ. ಅಂಥವಕ್ಕೆ ಸ್ನ್ಯಾಪ್ ಕ್ಯಾಪ್ ಅನ್ನುವ ಡಮ್ಮಿ ತೋಟಾ ಬೇಕು. ಬಂದೂಕು ಖಾಲಿ ಮಾಡಿ, ಎರಡು ಸಲ ನೋಡಿ. ತೋಟಾಗಳನ್ನೆಲ್ಲ ಬೇರೆ ಕೋಣೆಗೆ ಸಾಗಿಸಿ. ಗುಂಡು ತಡೆಯಬಲ್ಲ ಗಟ್ಟಿ ಗೋಡೆಗೆ ಒಂದು ಸಣ್ಣ ಚುಕ್ಕಿ ಅಂಟಿಸಿ. ಗೋಡೆಯಾಚೆ ಯಾರೂ ಇರಬಾರದು.

ಈಗ ಸೈಟ್ ಹೊಂದಿಸಿ. ಕಣ್ಣಿಗೆ ಚುಕ್ಕಿ, ಹಿಂದಿನ ಸೈಟ್, ಮುಂದಿನ ಸೈಟ್ ಮೂರೂ ಒಟ್ಟಿಗೆ ಚೊಕ್ಕವಾಗಿ ಕಾಣಲ್ಲ, ಕಾಣಬೇಕಾಗಿಯೂ ಇಲ್ಲ. ಮುಂದಿನ ಸೈಟ್ ಚೂಪಾಗಿ ಕಾಣಲಿ, ಚುಕ್ಕಿ ಮಸುಕಾಗಿರಲಿ. ಹೊಸಬರು ಗುರಿಯನ್ನೇ ದಿಟ್ಟಿಸುತ್ತಾರೆ, ಸೈಟ್ ಎತ್ತಲೋ ಜಾರಿರುತ್ತದೆ. ಬೆರಳಿನ ತುದಿಯಿಂದ ಟ್ರಿಗರನ್ನು ನೇರ ಹಿಂದಕ್ಕೆ, ಒತ್ತಡ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಒತ್ತಿ. ಟಕ್ ಅಂದ ಕ್ಷಣ ಮುಂದಿನ ಸೈಟ್ ಅಲುಗಿತೇ ನೋಡಿ. ಅಲುಗಿದರೆ ಆ ಗುಂಡು ತಪ್ಪಿತು ಅಂತಲೇ ಲೆಕ್ಕ. ಮುಂದಿನ ಸೈಟ್ ಮೇಲೆ ಒಂದು ನಾಣ್ಯ ಇಟ್ಟು, ಅದು ಬೀಳದಂತೆ ಟ್ರಿಗರ್ ಒತ್ತುವ ಹಳೆಯ ಕಸರತ್ತೂ ಇದೆ. ಸುಮ್ನೆ ಕೇಳಲು ಸುಲಭ!

ಮುಗಿಸುವುದಕ್ಕೂ ಒಂದು ಕ್ರಮ ಇದೆ. ಚುಕ್ಕಿಯನ್ನು ಕಿತ್ತುಬಿಡಿ. "ಅಭ್ಯಾಸ ಮುಗಿಯಿತು" ಅಂತ ಬಾಯಿಬಿಟ್ಟು ಹೇಳಿ. ಬಂದೂಕನ್ನು ಬೀಗದೊಳಗೆ ಇಡಿ. ಅವಘಡ ಆಗುವುದು ಇಲ್ಲೇ: ಮುಗಿಸಿ, ತೋಟಾ ತುಂಬಿದ ಮೇಲೆ, "ಇನ್ನೊಂದೇ ಒಂದು ಸಲ" ಅಂತ ಅದೇ ಚುಕ್ಕಿಗೆ ಟ್ರಿಗರ್ ಒತ್ತುವುದು.

ರೇಂಜ್‌ನಲ್ಲಿ

ಬಂದೂಕಿನ ಸದ್ದು ಸುಮಾರು 140ರಿಂದ 170 ಡೆಸಿಬೆಲ್. 140 ದಾಟಿದ ಸಿಡಿಸದ್ದು ಒಂದೇ ಸಲಕ್ಕೆ ಕಿವಿಗೆ ಶಾಶ್ವತ ಪೆಟ್ಟು ಕೊಡಬಹುದು. ಹೋದ ಕಿವಿ ವಾಪಸ್ ಬರಲ್ಲ. ಮುಚ್ಚಿದ ರೇಂಜ್ ಆದರೆ ಒಳಗೆ ಫೋಮ್ ಪ್ಲಗ್, ಮೇಲೆ ಇಯರ್‌ಮಫ್, ಎರಡೂ ಹಾಕಿ. ಕಣ್ಣಿಗೆ ಕನ್ನಡಕ ಕಡ್ಡಾಯ. ಟೋಪಿ, ಕತ್ತು ಮುಚ್ಚುವ ಅಂಗಿ ಇದ್ದರೆ ಒಳ್ಳೆಯದು. ಹಾರಿದ ತೋಟಾದ ಕಾದ ಖಾಲಿ ಕೋಶ ಅಂಗಿಯೊಳಗೆ ಬಿದ್ದಾಗ ಮನುಷ್ಯ ಕುಣಿಯುತ್ತಾನೆ, ಕೈಯಲ್ಲಿ ತುಂಬಿದ ಪಿಸ್ತೂಲು ಇರುತ್ತದೆ.

ಶುರು ಹತ್ತಿರದಿಂದ ಮಾಡಿ. ಪಿಸ್ತೂಲಿಗೆ 5 ಮೀಟರ್, .22 ರೈಫಲ್‌ಗೆ 25 ಮೀಟರ್ ಸಾಕು. ರೈಫಲನ್ನು ಮೊದಲು ಮರಳುಚೀಲದ ಮೇಲೆ ಇಟ್ಟು ಹಾರಿಸಿ. ಉಸಿರು ಎಳೆದು, ಅರ್ಧ ಬಿಟ್ಟು, ನಿಲ್ಲಿಸಿ, ಒತ್ತಿ. ಎಂಟು ಹತ್ತು ಸೆಕೆಂಡಲ್ಲಿ ಗುಂಡು ಹಾರಲಿಲ್ಲ ಅಂದರೆ ಬಂದೂಕು ಇಳಿಸಿ. ಉಸಿರು ಕಟ್ಟಿ ಹಠ ಹಿಡಿದರೆ ಕಣ್ಣು ಮಂಜಾಗುತ್ತದೆ, ಕೈ ನಡುಗುತ್ತದೆ.

ಐದು ಗುಂಡು ಹಾರಿಸಿ, ಆಮೇಲೆ ಹಾಳೆ ನೋಡಿ. ಒಂದೊಂದು ಗುಂಡಿಗೂ ಇಣುಕಬೇಡಿ. ಐದೂ ಒತ್ತಾಗಿ ಬಿದ್ದಿವೆಯೇ ಅನ್ನುವುದೇ ಮುಖ್ಯ, ನಡುವಿನಲ್ಲೇ ಬಿದ್ದಿವೆಯೇ ಅನ್ನುವುದು ಆಮೇಲೆ. ಒತ್ತಾಗಿ ಮೂಲೆಯಲ್ಲಿ ಬಿದ್ದರೆ ಅದು ಒಳ್ಳೆಯ ಸುದ್ದಿ, ಅದನ್ನು ಸೈಟ್ ತಿರುಗಿಸಿ ಸರಿಮಾಡಬಹುದು. ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದರೆ ಸೈಟ್ ಮುಟ್ಟಲೇಬೇಡಿ, ಕೆಲಸ ಇರುವುದು ಕೈಯಲ್ಲಿ. ಬಲಗೈಯವರ ಪಿಸ್ತೂಲು ಗುಂಡುಗಳು ಕೆಳಗೆ ಎಡಕ್ಕೆ ಬೀಳುವುದು ಬಹಳ ಸಾಮಾನ್ಯ. ಬೆರಳಿನ ಜೊತೆ ಇಡೀ ಮುಷ್ಟಿ ಬಿಗಿದರೆ, ಅಥವಾ ಒದೆತ ಬರುವ ಮುಂಚೆಯೇ ಕೈ ಪಿಸ್ತೂಲನ್ನು ಕೆಳಗೆ ನೂಕಿದರೆ ಹೀಗಾಗುತ್ತದೆ.

ಈ ಬೆಚ್ಚುವಿಕೆ ಹೊಸಬರ ಮುಖ್ಯ ಕಾಯಿಲೆ. ಬೆಚ್ಚುತ್ತಿದ್ದೀರಿ ಅಂತ ನಿಮಗೇ ಗೊತ್ತಾಗಲ್ಲ, ಯಾಕಂದರೆ ಒದೆತದಲ್ಲಿ ಅದು ಮುಚ್ಚಿಹೋಗುತ್ತದೆ. ಹಿಡಿಯುವ ಉಪಾಯ ಸರಳ. ಜೊತೆಗಿರುವವರು ಮ್ಯಾಗಜೀನಿಗೆ ಎಲ್ಲೋ ಒಂದೆರಡು ಡಮ್ಮಿ ತೋಟಾ ಸೇರಿಸಿ ಕೊಡಲಿ. ಎಲ್ಲಿವೆ ಅಂತ ನಿಮಗೆ ಗೊತ್ತಿರಬಾರದು. ಡಮ್ಮಿ ಬಂದಾಗ ಸದ್ದಿಲ್ಲ, ಆದರೆ ನಳಿಗೆ ಧಡಕ್ಕನೆ ಕೆಳಗೆ ಬಾಗುತ್ತದೆ. ಪಕ್ಕದಲ್ಲಿದ್ದವರು ನಗುತ್ತಾರೆ, ನಗಲಿ ಬಿಡಿ. ಒಂದು ನಿಜ ತೋಟಾ, ನಾಲ್ಕು ಖಾಲಿ ಟ್ರಿಗರ್ ಹೀಗೆ ಬೆರೆಸಿ ಅಭ್ಯಾಸ ಮಾಡುತ್ತಾ ಹೋದರೆ ಕೈ ಸುಧಾರಿಸುತ್ತದೆ. ಹೊಸಬರಿಗೆ ಮೊದಲ ದಿನವೇ ದೊಡ್ಡ ಬೋರಿನ ಬಂದೂಕು ಕೊಟ್ಟು ಹಾರಿಸಲು ಹೇಳಿ ಮಜಾ ನೋಡುವವರು ಈ ಕಾಯಿಲೆಯನ್ನು ಕೈಯಾರೆ ಅಂಟಿಸುತ್ತಾರೆ. ಅದು ತಮಾಷೆ ಅಲ್ಲ.

ಒಂದು ದಿನಕ್ಕೆ ಐವತ್ತು ಗುಂಡು ಧಾರಾಳ. ದಣಿದ ಮೇಲೆ ಹಾರಿಸಿದ್ದು ತಪ್ಪನ್ನೇ ಗಟ್ಟಿ ಮಾಡುತ್ತದೆ. ಹಾಳೆಯ ಮೂಲೆಯಲ್ಲಿ ತಾರೀಖು, ದೂರ, ತೋಟಾದ ಹೆಸರು ಬರೆದು ಇಟ್ಟುಕೊಳ್ಳಿ.

ಟ್ರಿಗರ್ ಒತ್ತಿದರೂ ಹಾರದಿದ್ದರೆ

ಬಂದೂಕು ತಿರುಗಿಸಿ ನೋಡಬೇಡಿ. ನಳಿಗೆ ಗುರಿಯ ಕಡೆಗೇ ಇರಲಿ. 30 ಸೆಕೆಂಡ್ ಕಾಯಿರಿ, ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಆಮೇಲೆ ತೆಗೆಯಿರಿ, ರೇಂಜ್‌ನವರಿಗೆ ತೋರಿಸಿ.

ಇದಕ್ಕಿಂತ ಅಪಾಯ ಟುಸ್ ಅಂದ ಗುಂಡು. ಢಮ್ ಅನ್ನುವ ಬದಲು ಸದ್ದು ಸಣ್ಣಗೆ ಬಂದು, ಒದೆತವೂ ಮಾಮೂಲಿಗಿಂತ ಕಡಿಮೆ ಅನ್ನಿಸಿದರೆ ಗುಂಡು ನಳಿಗೆಯಲ್ಲೇ ಕೂತಿರಬಹುದು. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಒಡೆಯುತ್ತದೆ. ತಕ್ಷಣ ನಿಲ್ಲಿಸಿ, ಖಾಲಿ ಮಾಡಿ, ನಳಿಗೆ ಪೂರ್ತಿ ತೆರವಾಗಿದೆ ಅಂತ ಬಲ್ಲವರು ನೋಡುವ ತನಕ ಮುಂದಿನ ತೋಟಾ ತುಂಬಬೇಡಿ.

ಮನೆಗೆ ಬಂದ ಮೇಲೆ

ಗುಂಡಿನಲ್ಲೂ ಅದನ್ನು ಹೊತ್ತಿಸುವ ಮದ್ದಿನಲ್ಲೂ ಸೀಸ ಇರುತ್ತದೆ. ಕೈ, ಮುಖ ಸೋಪು ಹಾಕಿ ತಣ್ಣೀರಲ್ಲಿ ತೊಳೆಯದೆ ಏನನ್ನೂ ಬಾಯಿಗಿಡಬೇಡಿ. ಬಟ್ಟೆ ಬದಲಿಸಿ ಬೇರೆಯಾಗಿ ಒಗೆಯಿರಿ. ಆ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಳ್ಳಬೇಡಿ, ಸೀಸದ ಪುಡಿ ದೊಡ್ಡವರಿಗಿಂತ ಮಕ್ಕಳಿಗೆ ಜಾಸ್ತಿ ಕೇಡು.

ಬಂದೂಕು ಖಾಲಿ ಇದೆಯೇ ಅಂತ ಮತ್ತೆ ನೋಡಿ, ಸಾಧ್ಯವಾದರೆ ಚೇಂಬರ್ ಕಡೆಯಿಂದಲೇ ಸರಳು ಹಾಕಿ ಮಸಿ ತೆಗೆಯಿರಿ. ಬಾಯಿ ಕಡೆಯಿಂದ ಹಾಕಿದರೆ ನಳಿಗೆಯ ಅಂಚು ಸವೆದು ಗುರಿ ಕೆಡುತ್ತದೆ. ಎಣ್ಣೆ ತೆಳ್ಳಗೆ ಸವರಿದರೆ ಸಾಕು. ಮುಂದಿನ ಸಲ ಹಾರಿಸುವ ಮೊದಲು ಒಂದು ಒಣ ಬಟ್ಟೆ ಓಡಿಸಿ, ನಳಿಗೆಯಲ್ಲಿ ಏನೂ ಉಳಿದಿಲ್ಲ ಅಂತ ನೋಡಿ.

ಬಂದೂಕು ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ. ಕೀಲಿ ನಿಮ್ಮ ಹತ್ತಿರವೇ ಇರಬೇಕು, ಬೀರುವಿನ ಮೇಲೆ ಅಲ್ಲ. ದೊಡ್ಡವರು ಅಡಗಿಸಿಟ್ಟ ಜಾಗ ಮಕ್ಕಳಿಗೆ ಚೆನ್ನಾಗಿ ಗೊತ್ತಿರುತ್ತದೆ. ಕುಡಿದ ದಿನ, ನಿದ್ದೆ ಬರಿಸುವ ಔಷಧ ತೆಗೆದುಕೊಂಡ ದಿನ ಬೀಗ ತೆರೆಯಲೇಬೇಡಿ. ಮನೆಯಲ್ಲಿ ಯಾರಾದರೂ, ಅದು ನೀವೇ ಆಗಿರಲಿ, ಬದುಕು ಬೇಡ ಅನ್ನುವಷ್ಟು ಕುಗ್ಗಿದ್ದರೆ ಬೀಗವೂ ಸಾಲದು. ಕೈಗೆ ಸಿಗುವ ಬಂದೂಕು ಅಂಥ ಗಳಿಗೆಯಲ್ಲಿ ಇನ್ನೊಂದು ಅವಕಾಶ ಕೊಡಲ್ಲ. ಕಾನೂನು ಒಪ್ಪುವ ರೀತಿಯಲ್ಲಿ ಅದನ್ನು ಸ್ವಲ್ಪ ಕಾಲ ಮನೆಯಿಂದ ಹೊರಗೆ, ಪರವಾನಗಿ ಇರುವ ಅಂಗಡಿಯಲ್ಲೋ ಪೊಲೀಸ್ ಠಾಣೆಯಲ್ಲೋ ಇಡಿಸಿ. ವಾಪಸ್ ತರಲು ಅವಸರವೇನೂ ಇಲ್ಲ.